‘ಖಾಲಿ ಕೂತವಳ’ ಮನೆಯ ಇಪ್ಪತ್ತು ಸಾವಿರ ಮೊಟ್ಟೆ

ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್‌ಗೆಂದು ಪಿ.ಜಿ.ಯಲ್ಲಿದ್ದಾಗ ನನ್ನ ರೂಮಿನ ಗೆಳತಿ ಒಂದು ರೀಲ್ ತೋರಿಸಿದಳು. ಯಾವುದೋ ದೇಶದ ಹುಡುಗನೊಬ್ಬ ಲೆಪರ್ಡ್ ಗೆಕ್ಕೊ ಎಂಬ ಚುಕ್ಕೆಚುಕ್ಕೆ ಹಲ್ಲಿಯ ಎರಡು ಮೊಟ್ಟೆಗಳನ್ನು ಒದ್ದೆ ಪುಡಿ ತುಂಬಿದ ಡಬ್ಬಿಯಲ್ಲಿಟ್ಟು, ಥರ್ಮಾಮೀಟರ್ ಸಿಕ್ಕಿಸಿ, ದಿನಾ ಇಣುಕಿ ನೋಡುತ್ತಿದ್ದ. ಒಂದೂವರೆ ಎರಡು ತಿಂಗಳಿಗೆ ಮರಿ ಹೊರಬಂತು. ಡಬ್ಬಿಯ ಶಾಖ ಎಷ್ಟಿದೆ ಎಂಬುದರ ಮೇಲೆ ಮರಿ ಹೆಣ್ಣೋ ಗಂಡೋ ಎಂಬುದು ತೀರ್ಮಾನವಾಗುತ್ತದಂತೆ. ಅದು ನಿಜವೇ, ಆಮೇಲೆ ಓದಿ ತಿಳಿದುಕೊಂಡೆ. ಗೆಳತಿ ‘ಎಷ್ಟು ತಾಳ್ಮೆ ನೋಡು ಅವನಿಗೆ’ ಎಂದಳು. ನಾನು ಸ್ವಲ್ಪ ಜಂಬದಿಂದಲೇ, ‘ಎರಡು ಮೊಟ್ಟೆಗೆ ಇಷ್ಟು ಸಂಭ್ರಮಾನಾ? ನಮ್ಮನೇಲಿ ಒಂದು ಸಲಕ್ಕೆ ನಲವತ್ತು ಸಾವಿರ ಮೊಟ್ಟೆ’ ಅಂದೆ. ‘ಏನ್ ಹಲ್ಲೀನಾ?’ ಎಂದು ಕಿರುಚಿದಳು. ‘ಅಲ್ವೇ, ರೇಷ್ಮೆ ಹುಳ’ ಅಂದೆ.

ಹೇಳಿದ್ದು ಸುಳ್ಳು. ನಮ್ಮ ಮನೆಯಲ್ಲಿ ಹುಳು ಮೇಯಿಸುವುದು ನಿಜ. ಆದರೆ ಮೊಟ್ಟೆಯನ್ನು ನಾನು ಕಂಡೇ ಇರಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆಗೆ ಬರುತ್ತಿದ್ದುದು ಚಾಕಿ ಹುಳು. ಅಂದರೆ ಎರಡು ಜ್ವರ ದಾಟಿದ, ಹುಟ್ಟಿ ಎಂಟು ದಿನವಾದ ಮರಿಗಳು. ಚಾಕಿ ಕೇಂದ್ರದವರು ಟ್ರೇಯಲ್ಲಿ ಕೊಡುತ್ತಾರೆ, ಅಪ್ಪ ಗೂಡ್ಸ್ ಆಟೊದಲ್ಲಿ ತರುತ್ತಾರೆ, ಅಮ್ಮ ಬೆಡ್ ಮೇಲೆ ಹರಡುತ್ತಾಳೆ. ಅದಕ್ಕೂ ಮುಂಚಿನದು ನಮಗೆ ಸಂಬಂಧವಿಲ್ಲದ ವಿಷಯವಾಗಿತ್ತು, ಹಾಲಿನ ಪ್ಯಾಕೆಟ್ ನೋಡಿದ ಪೇಟೆ ಮಗುವಿಗೆ ಹಸುವಿನ ವಿಷಯ ಇದ್ದ ಹಾಗೆ.

ನಾಚಿಕೆಯ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನಾನು ಪ್ರಾಣಿಶಾಸ್ತ್ರ ಓದಿದವಳು. ಬಿ.ಎಸ್ಸಿ. ರೆಕಾರ್ಡ್ ಪುಸ್ತಕದಲ್ಲಿ ರೇಷ್ಮೆ ಹುಳುವಿನ ಜೀವನಚಕ್ರವನ್ನು ಬಣ್ಣದ ಪೆನ್ಸಿಲ್‌ನಲ್ಲಿ ಬಿಡಿಸಿ ‘ಗುಡ್’ ಹಾಕಿಸಿಕೊಂಡಿದ್ದೇನೆ. ಮೊಟ್ಟೆ, ಹುಳು, ಗೂಡು, ಚಿಟ್ಟೆ, ನಡುವೆ ನಾಲ್ಕು ಬಾಣದ ಗುರುತು. ಏಷ್ಯಾದ ಅತಿ ದೊಡ್ಡ ರೇಷ್ಮೆಗೂಡು ಮಾರುಕಟ್ಟೆ ಎಂದು ಹೆಸರಾದ ರಾಮನಗರದ ಮಾರುಕಟ್ಟೆ ಇರುವ ಜಿಲ್ಲೆಯಲ್ಲೇ ಕೂತು ನಾವು ಅದನ್ನು ಪುಸ್ತಕ ನೋಡಿ ನಕಲು ಮಾಡಿದ್ದೆವು. ಕ್ಲಾಸಿನ ಅರವತ್ತು ಜನರಲ್ಲಿ ಅರ್ಧದಷ್ಟು ಮಂದಿಯ ಮನೆಯಲ್ಲಿ ಹುಳು ಇತ್ತು. ಒಬ್ಬರಾದರೂ ಒಂದು ಮೊಟ್ಟೆ ಹಾಳೆ ತಂದು ಮೇಜಿನ ಮೇಲಿಡಲಿಲ್ಲ. ತನ್ನಿ ಎಂದು ಯಾರೂ ಕೇಳಲೂ ಇಲ್ಲ.

ಕೋಚಿಂಗ್ ದುಡ್ಡು ಮುಗಿದು, ಪರೀಕ್ಷೆ ಮುಂದಕ್ಕೆ ಹೋಗಿ, ನಾನು ಊರಿಗೆ ಬಂದ ಹೊತ್ತಿಗೇ ನಮ್ಮ ಒಂದು ಬೆಳೆ ಕೈಕೊಟ್ಟಿತು. ತಂದ ಚಾಕಿ ಹುಳು ಮೂರನೇ ಜ್ವರಕ್ಕೆ ಸರಿಯಾಗಿ ಕೂರಲಿಲ್ಲ. ಒಂದು ಬೆಡ್ಡಿನಲ್ಲಿ ಅರ್ಧ ಹುಳು ನಿದ್ದೆಗೆ, ಅರ್ಧ ಹುಳು ಸೊಪ್ಪಿಗೆ. ಸೊಪ್ಪು ಹಾಕಿದರೆ ಮಲಗಿದವಕ್ಕೆ ತೊಂದರೆ, ಹಾಕದಿದ್ದರೆ ಎದ್ದವಕ್ಕೆ ಹಸಿವು. ನಾಲ್ಕನೇ ಜ್ವರದ ನಂತರ ಸಪ್ಪೆ ರೋಗ ಶುರುವಾಯಿತು. ಅಮ್ಮ ಬುಟ್ಟಿಬುಟ್ಟಿ ಹುಳು ಗುಂಡಿಗೆ ಹಾಕಿ ಸುಣ್ಣ ಹಾಕಿದಳು. ಕೊಟ್ಟ ಕೇಂದ್ರದವರು ‘ನಿಮ್ಮ ಸೊಪ್ಪು ಸರಿ ಇಲ್ಲ, ಮನೆ ಸರಿಯಾಗಿ ತೊಳೆದಿಲ್ಲ’ ಅಂದರು. ಅಪ್ಪ ‘ನೀವು ಕೊಟ್ಟಾಗಲೇ ಹುಳು ಒಂದೇ ಸಮ ಇರ್ಲಿಲ್ಲ’ ಅಂದರು. ಯಾರದು ಸರಿ? ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯೇ ಇರಲಿಲ್ಲ. ಮೊದಲ ಹದಿನೈದು ದಿನ ಏನಾಯಿತೆಂದು ನೋಡದವರು, ಆ ಹದಿನೈದು ದಿನ ಹೇಗಿರಬೇಕೆಂದೇ ಗೊತ್ತಿಲ್ಲದವರು ಯಾರ ಮೇಲೆ ಏನು ವಾದ ಮಾಡುವುದು? ಅಪ್ಪ ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ.

‘ಒಂದು ಸಲ ಮೊಟ್ಟೇನೇ ತರೋಣ, ಮನೇಲೇ ಚಾಕಿ ಮಾಡೋಣ’ ಎಂದಾಗ ಅಮ್ಮ ನಕ್ಕಳು. ಅಜ್ಜಿ ನಗಲಿಲ್ಲ.

ಅಜ್ಜಿಯ ತವರು ಮಾಗಡಿ ತಾಲ್ಲೂಕು. ಮಾಗಡಿ, ಕುಣಿಗಲ್ ಕಡೆಯವರು ಹಿಂದಿನಿಂದಲೂ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವವರು. ನಮ್ಮ ಹಳದಿ ಗೂಡಿನ ಮಿಶ್ರತಳಿಗೆ ತಾಯಿ ಆ ಮೈಸೂರು ತಳಿಯೇ, ಬಿಳಿ ಗೂಡಿನ ದ್ವಿತಳಿ ತಂದೆ. ಅಜ್ಜಿ ಹುಡುಗಿಯಾಗಿದ್ದಾಗ ಮೊಟ್ಟೆ ಮನೆಯ ಒಳಗೇ, ದೇವರ ಗೂಡಿನ ಪಕ್ಕ ಇರುತ್ತಿತ್ತಂತೆ. ‘ಮೊಟ್ಟೆ ಮನೇಲಿದ್ರೆ ಒಗ್ಗರಣೆ ಹಾಕ್ತಿರ್ಲಿಲ್ಲ ಕಣವ್ವ, ನಮ್ಮಪ್ಪ ಬೀಡಿ ಸೇದೋಕೆ ಹೊಲಕ್ಕೆ ಹೋಗೋರು’ ಎಂದಳು. ನಾನು ಇದನ್ನು ಮೂಢನಂಬಿಕೆ ಎಂದುಕೊಂಡಿದ್ದೆ. ಅಲ್ಲ. ಹುಳುವಿಗೆ ತಂಬಾಕಿನ ಹೊಗೆ ವಿಷ. ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ಔಷಧ ಇನ್ನೂ ಕೆಟ್ಟದ್ದು. ಕೀಟವನ್ನು ಕೊಲ್ಲಲು ಮಾಡಿದ ಔಷಧಕ್ಕೆ ರೇಷ್ಮೆ ಹುಳುವೂ ಒಂದು ಕೀಟವೇ.

ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿರುವ ಸೋದರಮಾವನಿಗೆ ಫೋನ್ ಮಾಡಿದೆ. ಮಾವ ಚನ್ನಪಟ್ಟಣದ ಸರ್ಕಾರಿ ರೇಷ್ಮೆ ತರಬೇತಿ ಸಂಸ್ಥೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ತರಬೇತಿ ಪಡೆದವರು. ‘ನೂರು ಬೇಡ, ಐವತ್ತು ತಗೋ. ಹಾಳಾದ್ರೂ ಮನೆ ಮುಳುಗಲ್ಲ’ ಎಂದರು. ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಕಡೆ ‘ಒಂದು ಮೊಟ್ಟೆ’ ಎಂದರೆ ಒಂದು ಮೊಟ್ಟೆ ಅಲ್ಲ, ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ. ಅದರಲ್ಲಿ ನಾನೂರರಿಂದ ಐನೂರು ಇರುತ್ತವೆ. ಹಾಗಾಗಿ ಐವತ್ತು ಮೊಟ್ಟೆ ಎಂದರೆ ಇಪ್ಪತ್ತು ಸಾವಿರದ ಮೇಲೆ ಜೀವ.

ಬಿತ್ತನೆ ಕೋಠಿಯಿಂದ ತಂದ ಹಾಳೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ಬಂದ ಯೋಚನೆ, ‘ಇಷ್ಟೇನಾ?’ ಕಾಗದದ ಮೇಲೆ ದುಂಡಗೆ ಯಾರೋ ಗಸಗಸೆ ಅಂಟಿಸಿದ ಹಾಗೆ ತಿಳಿ ಹಳದಿ ಕಾಳುಗಳು. ಒಂದೊಂದು ದುಂಡಿನ ಹಿಂದೆ ಒಂದು ಪರೀಕ್ಷೆ ಇದೆ ಎಂದು ಮಾವ ಹೇಳಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟು ರೋಗದ ಕಣ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಅದು ‘ರೋಗರಹಿತ ಮೊಟ್ಟೆ’ ಆಗುವುದು. ಈ ಪದ್ಧತಿ ಕೊಟ್ಟವನು ಲೂಯಿ ಪಾಶ್ಚರ್. ನಮಗೆಲ್ಲ ಅವನು ಹಾಲು ಕಾಯಿಸುವ ವಿಧಾನದಿಂದ, ಹುಚ್ಚುನಾಯಿ ಲಸಿಕೆಯಿಂದ ಗೊತ್ತು. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಅಷ್ಟೇ ಕೇಳುತ್ತಾರೆ. ಆದರೆ 1865ರಿಂದ ಐದು ವರ್ಷ ಅವನು ದಕ್ಷಿಣ ಫ್ರಾನ್ಸಿನಲ್ಲಿ ಕೂತದ್ದು ರೇಷ್ಮೆ ಹುಳುವಿನ ಮುಂದೆ. ಅಲ್ಲಿನ ರೈತರ ಬೆಳೆಯೆಲ್ಲ ಗಂಟು ರೋಗಕ್ಕೆ ಹೋಗುತ್ತಿತ್ತು. ರೋಗ ತಾಯಿಯಿಂದ ಮೊಟ್ಟೆಗೆ ಬರುತ್ತದೆ, ಆದ್ದರಿಂದ ತಾಯಿಯನ್ನು ಪರೀಕ್ಷಿಸಿ ಎಂದು ಅವನು ತೋರಿಸಿಕೊಟ್ಟ. ಕನಕಪುರ ತಾಲ್ಲೂಕಿನ ಒಂದು ಹಂಚಿನ ಮನೆಯಲ್ಲಿ ನಾನು ಹಿಡಿದಿದ್ದ ಹಾಳೆ ಆ ಕೆಲಸದ ಮುಂದುವರಿಕೆ.

ಮೊಟ್ಟೆಗೆ ಬೇಕಾದ್ದು ಹೆಚ್ಚೇನಿಲ್ಲ. ಶಾಖ 25 ಡಿಗ್ರಿ ಸೆಲ್ಸಿಯಸ್. ಗಾಳಿಯಲ್ಲಿ ತೇವ ಶೇ. 80ರ ಆಸುಪಾಸು. ಇಟ್ಟ ಹತ್ತು ದಿನಕ್ಕೆ ಒಡೆಯುತ್ತವೆ. ಕೋಠಿಯಿಂದ ತರುವಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ. ಉಳಿದ ಒಂದು ವಾರ ನಮ್ಮದು. ಓದುವಾಗ ಸುಲಭ. ಆದರೆ ಸಂಕ್ರಾಂತಿ ಕಳೆದ ಮೊದಲ ವಾರ, ನಮ್ಮೂರಿನ ರಾತ್ರಿ ಚಳಿ 16 ಡಿಗ್ರಿಗೆ ಇಳಿಯುತ್ತದೆ. ಗೋಡೆಗೆ ಎರಡು ಕೊಳವೆಯ ಥರ್ಮಾಮೀಟರ್ ನೇತುಹಾಕಿದೆವು, ಒಂದರ ಬುಡಕ್ಕೆ ಒದ್ದೆ ಬತ್ತಿ. ಒಣ ಕೊಳವೆಗೂ ಒದ್ದೆ ಕೊಳವೆಗೂ ಇರುವ ವ್ಯತ್ಯಾಸ ನೋಡಿ ತೇವ ಎಷ್ಟೆಂದು ಪಟ್ಟಿಯಲ್ಲಿ ಹುಡುಕಬೇಕು. ಹಳೆಯ ಕಾಲದಲ್ಲಿ ಕೆಂಡದ ಒಲೆ ಇಡುತ್ತಿದ್ದರು. ಮುಚ್ಚಿದ ಕೋಣೆಯಲ್ಲಿ ಅದು ಮನುಷ್ಯರಿಗೇ ಅಪಾಯ, ಬೇಡವೆಂದೆ. ಸಣ್ಣ ಹೀಟರ್ ಇಟ್ಟೆವು. ರಾತ್ರಿ ಎರಡಕ್ಕೆ ಕರೆಂಟು ಹೋದಾಗ ಅಮ್ಮ ಬಿಸಿನೀರಿನ ಹಂಡೆ ತಂದು ಕೋಣೆಯೊಳಗೆ ಇಟ್ಟಳು. ಶಾಖವೂ ಆಯಿತು, ತೇವವೂ ಆಯಿತು. ಯಾವ ಪುಸ್ತಕದಲ್ಲಿ ಓದಿದ್ದಳೋ!

ಇಷ್ಟೆಲ್ಲ ಮಾಡಿ ಕೆಡಿಸಿದ್ದು ನಾನೇ.

ಒಡೆಯಲು ಎರಡು ದಿನ ಇರುವಾಗ ಪ್ರತಿ ಮೊಟ್ಟೆಯಲ್ಲೂ ಸೂಜಿ ಚುಚ್ಚಿದಷ್ಟು ಒಂದು ಕಪ್ಪು ಚುಕ್ಕಿ ಕಾಣುತ್ತದೆ. ಅದು ಹುಳುವಿನ ತಲೆ. ಮರುದಿನ ಇಡೀ ಮೊಟ್ಟೆ ನೀಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಚುಕ್ಕಿ ಕಂಡ ಕೂಡಲೇ ಹಾಳೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ ಪೂರ್ತಿ ಕತ್ತಲಲ್ಲಿ ಇಡಬೇಕು. ಏಕೆಂದರೆ ಅಷ್ಟೂ ಮೊಟ್ಟೆಗಳು ಒಂದೇ ಗಳಿಗೆಗೆ ಬಲಿಯುವುದಿಲ್ಲ, ಕೆಲವು ಮುಂದೆ, ಕೆಲವು ಹಿಂದೆ. ಬೆಳಕು ಕಂಡರೆ ಮುಂದಿದ್ದವು ಒಡೆದು ಹೊರಬಂದುಬಿಡುತ್ತವೆ. ಕತ್ತಲಿದ್ದರೆ ಅವು ಕಾಯುತ್ತವೆ, ಅಷ್ಟರಲ್ಲಿ ಹಿಂದಿದ್ದವು ಬಂದು ಸೇರಿಕೊಳ್ಳುತ್ತವೆ. ಒಡೆಯಬೇಕಾದ ದಿನ ಬೆಳಗಿನ ಜಾವ ಕಾಗದ ತೆಗೆದು ಬೆಳಕಿಗಿಟ್ಟರೆ ಎಲ್ಲವೂ ಒಟ್ಟಿಗೆ. ಮಾವ ಇದನ್ನು ನನಗೆ ಎರಡು ಸಲ ಹೇಳಿದ್ದರು. ನಾನು ಕಪ್ಪು ಕಾಗದ ಸುತ್ತಿದ್ದೆ ಕೂಡ. ಆದರೆ ನೋಡುವ ಚಪಲ. ಗಂಟೆಗೊಮ್ಮೆ ಬಿಚ್ಚಿ ನೋಡುತ್ತಿದ್ದೆ. ಅದೂ ಸಾಲದೆಂದು ಬೆಚ್ಚಗಿದೆ ಎಂಬ ಆಸೆಗೆ ಅದೇ ಕೋಣೆಯಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು ರಾತ್ರಿ ಒಂದರವರೆಗೆ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಕಾಗದದ ಒಂದು ಮೂಲೆ ಬಿಚ್ಚಿಕೊಂಡಿದ್ದನ್ನು ಗಮನಿಸಲೇ ಇಲ್ಲ.

ಒಂದು ದಿನ ಮೊದಲೇ ಒಂದಷ್ಟು ಒಡೆದವು. ಮರುದಿನ ಇನ್ನೊಂದಷ್ಟು. ಮೂರನೆಯ ದಿನ ಉಳಿದವು. ಇಪ್ಪತ್ತು ಸಾವಿರ ಹುಳುವಿಗೆ ಮೂರು ಹುಟ್ಟುಹಬ್ಬ. ಅಂದರೆ ಮೂರು ದಿನದ ಜ್ವರ, ಮೂರು ಬಗೆಯ ಸೊಪ್ಪು, ಮೂರು ಹೊತ್ತಿನ ಲೆಕ್ಕ. ಕೊನೆಗೆ ಮೂರನೆಯ ದಿನದ್ದನ್ನು ಬಿಸಾಡಬೇಕಾಯಿತು. ‘ನೀನು ಓದೋದು ಮೊಟ್ಟೆಗೂ ಕೇಳಿಸಿ ಎದ್ದು ಬಂದ್ಬುಟ್ವು’ ಎಂದು ಅಜ್ಜಿ ನಗಿಸಲು ನೋಡಿದಳು. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಬೆಳೆಗೆ ಗೂಡು ಬಂದದ್ದು 19 ಕೆ.ಜಿ. ಐವತ್ತು ಮೊಟ್ಟೆಗೆ ಮೂವತ್ತರ ಮೇಲೆ ಬರಬೇಕು.

ಈ ಸೋಲಿನಲ್ಲಿ ಒಂದು ವಿಚಿತ್ರ ಸಮಾಧಾನವಿತ್ತು. ಹಿಂದಿನ ಬೆಳೆಯಲ್ಲಿ ಅಮ್ಮ ನೋಡಿದ ‘ಒಂದೇ ಸಮ ಇಲ್ಲದ ಹುಳು’ ಹೇಗಾಗುತ್ತದೆ ಎಂಬುದಕ್ಕೆ ಒಂದು ದಾರಿ ನನ್ನ ಕಣ್ಣೆದುರೇ ಇತ್ತು. ಅದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಈಗ ಚಾಕಿ ಟ್ರೇ ನೋಡಿದರೆ ಏನು ಕೇಳಬೇಕೆಂದು ಗೊತ್ತು: ಯಾವತ್ತು ಒಡೆದದ್ದು, ಎಷ್ಟು ದಿನದಲ್ಲಿ ಒಡೆದದ್ದು, ಎರಡನೇ ಜ್ವರದಿಂದ ಯಾವಾಗ ಎದ್ದದ್ದು. ಕೇಳುವವರು ಇದ್ದಾರೆ ಎಂದು ಗೊತ್ತಾದರೆ ಕೊಡುವವರೂ ಎಚ್ಚರವಾಗಿರುತ್ತಾರೆ.

ಎರಡನೇ ಪ್ರಯತ್ನ ಮಾರ್ಚ್‌ನಲ್ಲಿ. ಅಷ್ಟರಲ್ಲಿ ತೋಟದ ಸೊಪ್ಪು ಮತ್ತೆ ಬಂದಿತ್ತು. ಈ ಸಲ ಸಮಸ್ಯೆ ಉಲ್ಟಾ. ಮಧ್ಯಾಹ್ನ 34 ಡಿಗ್ರಿ. ಅಜ್ಜಿ ಹೊಸ ಮಣ್ಣಿನ ಮಡಕೆ ತರಿಸಿದಳು. ಒದ್ದೆ ಮರಳಿನಲ್ಲಿ ಅದನ್ನು ಅರ್ಧ ಹೂತು, ಒಳಗೆ ಮೊಟ್ಟೆ ಹಾಳೆಯನ್ನು ಗೋಡೆಗೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿದೆವು. ಥರ್ಮಾಮೀಟರ್ ಇಳಿಸಿ ನೋಡಿದರೆ 26. ಮೂರು ಹೊತ್ತು ಮರಳಿಗೆ ನೀರು. ಮೊಟ್ಟೆಗೆ ಮಾತ್ರ ಹನಿ ತಾಗಬಾರದು. ಚುಕ್ಕಿ ಕಂಡ ದಿನ ನಾನು ಹಾಳೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ, ಮಡಕೆಯ ಬಾಯಿಗೆ ಕಪ್ಪು ಬಟ್ಟೆ ಹಾಕಿ, ಅಜ್ಜಿಯನ್ನು ಕಾವಲಿಗೆ ಕೂರಿಸಿ, ಪುಸ್ತಕ ತೆಗೆದುಕೊಂಡು ಜಗಲಿಗೆ ಹೋದೆ. ಇಣುಕಿ ನೋಡದೆ ಎರಡು ದಿನ ಇರುವುದು ಮೊದಲ ಸಲದ ಅಷ್ಟೂ ಕೆಲಸಕ್ಕಿಂತ ಕಷ್ಟವಾಯಿತು.

ಒಡೆಯುವ ದಿನ ಬೆಳಿಗ್ಗೆ ಐದಕ್ಕೆ ಎದ್ದೆ. ಐದೂವರೆಗೆ ಕಾಗದ ತೆಗೆದು ಹಾಳೆಯನ್ನು ಟ್ರೇಯಲ್ಲಿ ಹರಡಿದೆವು. ನೀಲಿ ಮೊಟ್ಟೆ, ಚಲನೆ ಇಲ್ಲ. ಕೋಣೆಯಲ್ಲಿ ಮೂವರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಆರೂಕಾಲಿರಬೇಕು, ಒಂದು ಅಂಚಿನಲ್ಲಿ ಒಂದು ಕಪ್ಪು ಎಳೆ ಅಲುಗಾಡಿತು. ಆಮೇಲೆ ಇನ್ನೊಂದು. ಏಳೂವರೆಗೆಲ್ಲ ಹಾಳೆ ಬಿಳಿಯಾಗಿತ್ತು, ಅಂದರೆ ಬರೀ ಚಿಪ್ಪು. ಅದರ ಮೇಲೆ ಸಣ್ಣ ಕಪ್ಪಿರುವೆಗಳ ಹಾಗೆ ಕೂದಲುಕೂದಲಾದ ಹುಳುಗಳು ತಲೆ ಎತ್ತಿ ಆಡಿಸುತ್ತಿದ್ದವು. ಮೂರು ಮಿಲಿಮೀಟರ್ ಉದ್ದ, ತೂಕ ಒಂದು ಮಿಲಿಗ್ರಾಮಿನ ಅರ್ಧ. ಇದೇ ಹುಳು ಇಪ್ಪತ್ತೈದು ದಿನದಲ್ಲಿ ತೂಕದಲ್ಲಿ ಹತ್ತು ಸಾವಿರ ಪಟ್ಟು ಬೆಳೆಯುತ್ತದೆ ಎಂದರೆ ನಂಬುವುದು ಕಷ್ಟ. ಒಂಬತ್ತಕ್ಕೆ ಅಮ್ಮ ಎಳೆಯ ಮಿನುಗುವ ಸೊಪ್ಪನ್ನು ತಂಬಾಕಿನ ಹಾಗೆ ಸಣ್ಣಗೆ ಹೆಚ್ಚಿ ಉದುರಿಸಿದಳು. ಅವು ಒಂದೊಂದೇ ಹತ್ತಿಕೊಂಡವು. ಕೋಣೆಯಲ್ಲಿ ಇನ್ನೊಬ್ಬರು ಇದ್ದಾರೆಂಬುದನ್ನೇ ಮರೆತು ಅಮ್ಮ ‘ಬನ್ರವ್ವ, ಬನ್ರಿ’ ಎನ್ನುತ್ತಿದ್ದಳು.

ಮರುದಿನ ಒಡೆದದ್ದು ಬೆರಳೆಣಿಕೆಯಷ್ಟು. ಆ ಬೆಳೆಯ ಗೂಡು 34 ಕೆ.ಜಿ. ರಾಮನಗರ ಮಾರುಕಟ್ಟೆಯ ಇ-ಹರಾಜಿನಲ್ಲಿ ನಮ್ಮ ಲಾಟಿಗೆ ಸಿಕ್ಕಿದ್ದು ಕೆ.ಜಿ.ಗೆ 430 ರೂಪಾಯಿ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ‘ಹಳ್ಳಿಗೆ ಮರಳಿದ ಪದವೀಧರೆಯ ಯಶೋಗಾಥೆ’ ಆಗಿಬಿಡುತ್ತದೆ. ಅಂಥ ಬರಹಗಳನ್ನು ಓದಿ ನನಗೆ ಸಾಕಾಗಿದೆ. ಲಕ್ಷ ಸಂಬಳದ ಕೆಲಸ ಬಿಟ್ಟು ಬಂದವರ ಫೋಟೊ, ಕೈಯಲ್ಲಿ ಒಂದು ಬುಟ್ಟಿ, ಕೆಳಗೆ ಲಕ್ಷಗಳ ಲೆಕ್ಕ. ನಾನು ಬಿಟ್ಟು ಬರಲು ಯಾವ ಕೆಲಸವೂ ಇರಲಿಲ್ಲ. ನಮ್ಮ ಲೆಕ್ಕ ಇಷ್ಟು: 34 ಕೆ.ಜಿ.ಗೆ 14,620 ರೂಪಾಯಿ. ಅದರಲ್ಲಿ ಮೊಟ್ಟೆಗೆ, ಬ್ಲೀಚಿಂಗ್ ಪುಡಿಗೆ, ಗೊಬ್ಬರಕ್ಕೆ, ಆಟೊಗೆ ಕೊಟ್ಟದ್ದನ್ನು ಕಳೆಯಿರಿ. ಉಳಿದದ್ದನ್ನು ಮೂರು ಹೆಂಗಸರ ಒಂದು ತಿಂಗಳ ದುಡಿಮೆಗೆ ಹಂಚಿ. ಕೊನೆಯ ಏಳೆಂಟು ದಿನ ಹುಳು ತಿನ್ನುವ ಸೊಪ್ಪು ಇಡೀ ಬೆಳೆಯ ಶೇ. 80ಕ್ಕೂ ಹೆಚ್ಚು. ಆ ದಿನಗಳಲ್ಲಿ ನಾವು ನಿದ್ದೆ ಮಾಡಿದ್ದೇ ಕಡಿಮೆ. ಮೊಟ್ಟೆ ಹೆಚ್ಚಿಸಿ, ತೋಟ ಹೆಚ್ಚಿಸಿ, ವರ್ಷಕ್ಕೆ ಐದಾರು ಬೆಳೆ ತೆಗೆದರೆ ಬದುಕು ನಡೆಯುತ್ತದೆ, ಎಷ್ಟೋ ಮನೆ ನಡೆದಿದೆ, ನನ್ನ ಫೀಸು ಕಟ್ಟಿದ್ದೂ ಅದೇ. ಆದರೆ ‘ಎಲ್ಲ ಬಿಟ್ಟು ಬನ್ನಿ’ ಎಂದು ನಿಮಗೆ ಹೇಳುವ ಧೈರ್ಯ ನನಗಿಲ್ಲ.

ಚಾಕಿ ಕೇಂದ್ರಗಳು ಬೇಡ ಎಂದೂ ನಾನು ಹೇಳುತ್ತಿಲ್ಲ. ಹತ್ತು ಹನ್ನೆರಡು ಮನೆಯವರು ಹತ್ತು ಹನ್ನೆರಡು ಕಡೆ ಹೀಟರ್ ಇಟ್ಟು ನಿದ್ದೆಗೆಡುವ ಬದಲು ಒಬ್ಬರು ಸರಿಯಾದ ಕೋಣೆ, ಸರಿಯಾದ ಎಳೆ ಸೊಪ್ಪಿನ ತೋಟ ಇಟ್ಟುಕೊಂಡು ಮಾಡಿದರೆ ಹುಳು ಚೆನ್ನಾಗೇ ಬರುತ್ತದೆ. ಅಮ್ಮನಂಥವರಿಗೆ ಅದರಿಂದ ತಿಂಗಳಲ್ಲಿ ಹತ್ತು ದಿನ ಬಿಡುವು ಸಿಕ್ಕಿದೆ. ಮುಂದಿನ ದೊಡ್ಡ ಬೆಳೆಗೆ ನಾವೂ ಚಾಕಿ ತಂದರೂ ತಂದೆವು. ನನ್ನ ತಕರಾರು ಬೇರೆ. ಕೆಲಸವನ್ನು ಹೊರಗೆ ಕೊಡುವಾಗ ನಾವು ತಿಳಿವಳಿಕೆಯನ್ನೂ ಹೊರಗೆ ಕೊಟ್ಟುಬಿಟ್ಟೆವು. ಅಜ್ಜಿಗೆ ಗೊತ್ತಿತ್ತು, ಅಮ್ಮನಿಗೆ ಅರ್ಧ ಗೊತ್ತಿತ್ತು, ನನಗೆ ರೆಕಾರ್ಡ್ ಪುಸ್ತಕದ ಬಾಣದ ಗುರುತು ಗೊತ್ತಿತ್ತು.

ಆ ಹಲ್ಲಿ ಮೊಟ್ಟೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಶಾಖ ನೋಡಿ ಹೆಣ್ಣು ಗಂಡು ತೀರ್ಮಾನವಾಗುತ್ತದೆ ಎಂದು ಗೆಳತಿ ಬೆರಗಾಗಿದ್ದಳಲ್ಲ? ನಮ್ಮ ಬಿಳಿ ಗೂಡಿನ ದ್ವಿತಳಿಯಲ್ಲಿ ಇದಕ್ಕಿಂತ ಬೆರಗಿನದೊಂದಿದೆ. ಮೊಟ್ಟೆಯೊಳಗಿರುವಾಗ 25 ಡಿಗ್ರಿ ಶಾಖ, ಬೆಳಕು ಕಂಡ ಹೆಣ್ಣು, ತಾನು ಹುಳುವಾಗಿ, ಗೂಡು ಕಟ್ಟಿ, ಚಿಟ್ಟೆಯಾದ ಮೇಲೆ ಇಡುವ ಮೊಟ್ಟೆಗಳು ತಕ್ಷಣ ಒಡೆಯುವುದಿಲ್ಲ. ಚಳಿಗಾಲ ಕಳೆಯಲೆಂದು ನಿದ್ದೆಗೆ ಹೋಗುತ್ತವೆ. 15 ಡಿಗ್ರಿಯ ತಂಪು, ಕತ್ತಲಲ್ಲಿ ಬೆಳೆದ ಹೆಣ್ಣಿನ ಮೊಟ್ಟೆಗಳು ನಿದ್ದೆಯಿಲ್ಲದೆ ಹತ್ತು ದಿನದಲ್ಲೇ ಒಡೆಯುತ್ತವೆ. ಅಂದರೆ ತಾಯಿ ಮೊಟ್ಟೆಯೊಳಗಿದ್ದಾಗಿನ ಹವಾಮಾನ ಮಕ್ಕಳ ನಿದ್ದೆಯನ್ನು ತೀರ್ಮಾನಿಸುತ್ತದೆ. ಇದನ್ನು ನಾನು ಕಲಿತದ್ದು ತರಗತಿಯಲ್ಲಿ ಅಲ್ಲ, ಎರಡನೇ ಸಲದ ಮೊಟ್ಟೆ ತಂದ ಮೇಲೆ ಮಾವನ ಹಳೆಯ ತರಬೇತಿ ಪುಸ್ತಕದಲ್ಲಿ. ಯಾಕೆ ಒಂದು ರೀಲಿನ ಹಲ್ಲಿ ನಮಗೆ ವಿಜ್ಞಾನವಾಗಿ ಕಾಣುತ್ತದೆ, ಹಿತ್ತಲ ಕೋಣೆಯ ಹುಳು ‘ಮನೆಕೆಲಸ’ವಾಗಿ ಕಾಣುತ್ತದೆ?

ನನಗೆ ಅನ್ನಿಸುವುದು ಇಷ್ಟು. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪದವಿ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರದ ಮಕ್ಕಳಾದರೂ ಸೆಮಿಸ್ಟರಿಗೊಮ್ಮೆ ಒಂದೇ ಒಂದು ಹಾಳೆ ಮೊಟ್ಟೆ ಒಡೆಸಲಿ. ದೊಡ್ಡ ಲ್ಯಾಬ್ ಬೇಡ. ಒಂದು ಮಡಕೆ, ಮರಳು, ಕಪ್ಪು ಬಟ್ಟೆ, ಥರ್ಮಾಮೀಟರ್ ಸಾಕು. ಹೇಳಿಕೊಡುವವರು ದೂರದಲ್ಲಿಲ್ಲ. ಚನ್ನಪಟ್ಟಣದಲ್ಲೇ ತರಬೇತಿ ಸಂಸ್ಥೆ ಇದೆ, ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ, ಮೈಸೂರಿನಲ್ಲಿ ಕೇಂದ್ರ ಸಂಸ್ಥೆ ಇದೆ. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮದು ಎಂದು ಕೆ.ಎ.ಎಸ್. ಪರೀಕ್ಷೆಗೆ ಬಾಯಿಪಾಠ ಮಾಡುವ ನಾವು, ಅದು ಶುರುವಾಗುವ ಬೆಳಿಗ್ಗೆಯನ್ನು ಒಮ್ಮೆಯಾದರೂ ನೋಡಿರಬೇಡವೇ? ನೋಡಿದವರೆಲ್ಲ ರೈತರಾಗಬೇಕಿಲ್ಲ. ಕೋಠಿಯಲ್ಲಿ, ಚಾಕಿ ಕೇಂದ್ರದಲ್ಲಿ, ಇಲಾಖೆಯಲ್ಲಿ ಕೆಲಸ ಮಾಡುವವರೂ ಇವರಲ್ಲೇ ಬರಬೇಕು.

ಇನ್ನೊಂದು ‘ಖಾಲಿ’ ಎಂಬ ಪದದ ವಿಷಯ. ಊರಿಗೆ ಬಂದ ಮೇಲೆ ಎದುರಾದವರೆಲ್ಲ ಕೇಳುವುದು ಒಂದೇ: ‘ಏನ್ ಮಗ, ಖಾಲಿ ಕೂತಿದ್ದೀಯಾ?’ ನಾಲ್ಕು ಗಂಟೆಗೆ ಎದ್ದು ಸೊಪ್ಪು ಕೊಯ್ದು, ಮಧ್ಯಾಹ್ನ ಬೆಡ್ ತೆಗೆದು, ರಾತ್ರಿ ಹನ್ನೊಂದಕ್ಕೆ ಕೊನೆಯ ಸೊಪ್ಪು ಹಾಕುವ ಹುಡುಗಿ ಖಾಲಿ. ಅದೇ ಹುಡುಗಿ ಬಿಡದಿಯ ಯಾವುದೋ ಕಾರ್ಖಾನೆಯಲ್ಲಿ ಹನ್ನೆರಡು ಸಾವಿರಕ್ಕೆ ಪ್ಯಾಕಿಂಗ್ ಮಾಡಿದ್ದರೆ ‘ಕೆಲಸದಲ್ಲಿದ್ದಾಳೆ’. ತಪ್ಪು ಅವರದ್ದು ಮಾತ್ರ ಅಲ್ಲ. ಪರೀಕ್ಷೆಯ ಅರ್ಜಿಯಲ್ಲಿ ‘ಉದ್ಯೋಗ’ ಎಂಬ ಜಾಗಕ್ಕೆ ಬಂದಾಗ ನಾನೂ ಯೋಚಿಸದೆ ‘ಇಲ್ಲ’ ಎಂದೇ ತುಂಬಿದ್ದೇನೆ. ಅಮ್ಮ ಮೂವತ್ತು ವರ್ಷದಿಂದ ಪಡಿತರ ಚೀಟಿಯಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲೆಡೆ ‘ಗೃಹಿಣಿ’ ಎಂದೇ ತುಂಬಿಸಿದ್ದಾಳೆ. ಗೂಡು ಮಾರಿದ ಹಣ ಬರುವುದು ಅಪ್ಪನ ಖಾತೆಗೆ. ಅಪ್ಪ ಒಳ್ಳೆಯವರೇ, ಕೊಡುತ್ತಾರೆ. ಆದರೂ.

ನಮ್ಮ ಜಿಲ್ಲೆಯ ಹೆಸರು ಈಗ ಬೆಂಗಳೂರು ದಕ್ಷಿಣ. ಹೆಸರಿನಿಂದ ಜಮೀನಿನ ಬೆಲೆ ಏರುತ್ತದೆ ಎಂದು ಊರಲ್ಲಿ ಖುಷಿಪಟ್ಟವರಿದ್ದಾರೆ. ನಮ್ಮ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಕಲ್ಲು ನೆಟ್ಟು ಸೈಟು ಮಾಡಿದ್ದಾರೆ. ಹಿಂದೆ ಆ ತೋಟದವರು ಕೀಟನಾಶಕ ಹೊಡೆಯುವ ಮೊದಲು ‘ನಿಮ್ಮ ಹುಳು ಎಷ್ಟನೇ ಜ್ವರದಲ್ಲಿದೆ?’ ಎಂದು ಕೇಳಿ ಹೊಡೆಯುತ್ತಿದ್ದರು. ಸೈಟು ಕೊಂಡವರಿಗೆ ಹಾಗೆ ಕೇಳಬೇಕೆಂದೇ ಗೊತ್ತಿರುವುದಿಲ್ಲ. ಹೋದ ತಿಂಗಳು ಅಲ್ಲಿ ಬೇಲಿ ಸಾಲಿಗೆ ಕಳೆನಾಶಕ ಹೊಡೆದ ದಿನ ಅಮ್ಮ ಓಡಿಹೋಗಿ ನಮ್ಮ ಅಂಚಿನ ಎರಡು ಸಾಲಿನ ಸೊಪ್ಪನ್ನು ಕುಯ್ದು ದನಕ್ಕೂ ಹಾಕದೆ ಗುಂಡಿಗೆ ಹಾಕಿದಳು. ಅವರಿಗೆ ಹೋಗಿ ಹೇಳಿ ಬಂದವಳು ನಾನು. ‘ಹುಳು ಮೊಟ್ಟೆಯಿಂದಲೇ ಮನೆಯಲ್ಲಿದೆ, ಹೊಡೆಯುವ ಮುಂಚೆ ಒಂದು ಫೋನ್ ಮಾಡಿ ಅಣ್ಣ’ ಎಂದು ನಂಬರ್ ಕೊಟ್ಟೆ. ಅವರು ಕೇಳಿಸಿಕೊಂಡರು. ಮೊಟ್ಟೆ ಎಂದರೆ ಕೋಳಿ ಎಂದುಕೊಂಡರೇನೋ, ‘ಎಷ್ಟಕ್ಕೊಂದು?’ ಎಂದು ಕೇಳಿದರು.

ಮೂರನೇ ಸಲದ ಹಾಳೆ ಮೊನ್ನೆ ಬಂದಿದೆ, ಈ ಬಾರಿ ನೂರು ಮೊಟ್ಟೆ. ಮುಂದಕ್ಕೆ ಹೋಗಿದ್ದ ನನ್ನ ಪರೀಕ್ಷೆಗೂ ಕೊನೆಗೆ ದಿನಾಂಕ ಬಂದಿದೆ. ಲೆಕ್ಕ ಹಾಕಿ ನೋಡಿದರೆ ಎರಡೂ ಒಂದೇ ಭಾನುವಾರ. ಕೇಂದ್ರ ಬೆಂಗಳೂರಿನಲ್ಲಿ, ಐದೂವರೆಯ ಬಸ್ಸಿಗೆ ಹೋಗಬೇಕು. ಕಪ್ಪು ಬಟ್ಟೆ ತೆಗೆಯುವುದು ಅಮ್ಮ. ‘ನೀನು ಬರೋವರ್ಗೂ ಕತ್ತಲಲ್ಲೇ ಇಟ್ರೆ ಆಗಲ್ವಾ?’ ಎಂದು ಕೇಳಿದಳು. ಆಗುವುದಿಲ್ಲ ಎಂದೆ. ಅಷ್ಟು ಹೊತ್ತು ತಡೆದರೆ ಹುಳು ಸೊರಗುತ್ತದೆ. ಒಡೆದ ಮೇಲೆ ಒಂದು ವಿಡಿಯೊ ತೆಗೆದಿಡು ಎಂದು ಫೋನ್ ಹಿಡಿಯುವುದನ್ನು ಅಜ್ಜಿಗೆ ಕಲಿಸುತ್ತಿದ್ದೇನೆ. ವಿಜಯನಗರದ ಗೆಳತಿಗೆ ಕಳಿಸಬೇಕು.